ಛತ್ತು ತೆರೆಯುವ ಗಾಡಿ

ಮನೀಶ ಸಾಹೇಬರು ಊರಲ್ಲಿಲ್ಲದಾಗ ಅವರ ನೀಲಿ ಗಾಡಿಯನ್ನು ಆಗಾಗ ಹೊರಗೆ ತೆಗೆದು ಓಡಿಸುವುದು ದಿಲೀಪನ ಕೆಲಸ. ನಿಂತಲ್ಲೇ ನಿಂತರೆ ಅದರ ಬ್ಯಾಟರಿ ಇಳಿದುಹೋಗುತ್ತಿತ್ತು. ಉದ್ದ ಮೂತಿ, ನೆಲಕ್ಕೆ ತಾಗಿತೇನೋ ಎನ್ನುವಷ್ಟು ತಗ್ಗು, ಬೆಣ್ಣೆ ಬಣ್ಣದ ಚರ್ಮದ ಸೀಟು, ಮೇಲೆ ಕಪ್ಪು ಬಟ್ಟೆಯ ಛತ್ತು. ಗುಂಡಿ ಒತ್ತಿದರೆ ಛತ್ತು ತಾನಾಗಿಯೇ ಎದ್ದು, ಹಿಂದಕ್ಕೆ ಬಾಗಿ, ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತಿತ್ತು. ಖಾರಘರದಲ್ಲಿ ಸಾಹೇಬರಿದ್ದ ಎತ್ತರದ ಕಟ್ಟಡದಲ್ಲಿ ದುಬಾರಿ ಗಾಡಿಗಳಿಗೇನೂ ಬರವಿರಲಿಲ್ಲ. ಆದರೂ ಇದು ಹೊರಬಿದ್ದರೆ ಮಕ್ಕಳು ಬಾಲ್ಕನಿಗೆ ಓಡಿಬರುತ್ತಿದ್ದರು.

ದಿಲೀಪನ ಮನೆ ಡೊಂಬಿವಲಿಯಲ್ಲಿ, ಕೆಮಿಕಲ್ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಚಾಳಿನ ಎರಡು ಖೋಲಿಗಳು. ಅಪ್ಪ ಜಟ್ಟೆಪ್ಪ ಇಂಡಿ ತಾಲೂಕಿನಿಂದ ಬಂದು, ಕಾರ್ಖಾನೆಯ ಡ್ರಮ್ಮುಗಳನ್ನು ಲಾರಿಗೆ ಏರಿಸಿ ಇಳಿಸಿ ಆಯುಷ್ಯ ಕಳೆದವನು. ಈಗ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದ. ಅವ್ವ ಅನಸೂಯಾ ಹತ್ತಿರದ ಹೌಸಿಂಗ್ ಸೊಸೈಟಿಗಳ ಮನೆಗಳಿಗೆ ಹೋಗಿ ಚಪಾತಿ ಮಾಡಿಕೊಟ್ಟು ಬರುತ್ತಿದ್ದಳು. ಹೆಂಡತಿ ನಿಶಾ ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು, ಅಲ್ಲಿಯ ಔಷಧದ ಅಂಗಡಿಯೊಂದರಲ್ಲಿ ಕೆಲಸ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಇಲ್ಲವೇ ಮರಾಠಿಯಲ್ಲಿ ಬರುತ್ತಿತ್ತು.

ದಿಲೀಪ ಊಟಕ್ಕೆ ಕೂತರೆ ಆ ಗಾಡಿಯದೇ ಮಾತು. ಅದು ಹೇಗೆ ಗುಡುಗುತ್ತದೆ, ಕಾಲು ಸ್ವಲ್ಪ ಒತ್ತಿದರೆ ಬೆನ್ನು ಹೇಗೆ ಸೀಟಿಗೆ ಅಂಟಿಬಿಡುತ್ತದೆ ಎಂದೆಲ್ಲ. ಅನಸೂಯಾ ನಗುತ್ತಿದ್ದಳು. ನಮ್ಮೂರ ಎತ್ತಿನ ಗಾಡಿಗೂ ಛತ್ತು ಇರಲಿಲ್ಲ, ಅದಕ್ಕೇಕೆ ಇಷ್ಟು ದೊಡ್ಡಸ್ತಿಕೆ ಎನ್ನುತ್ತಿದ್ದಳು. ಆದರೆ ಒಂದು ದಿನ ರೊಟ್ಟಿ ಬಡಿಯುತ್ತ ತಾನಾಗಿಯೇ ಕೇಳಿದಳು.

"ನಮ್ಮನ್ನೂ ಒಮ್ಮೆ ಅದರಾಗ ಕೂಡ್ರಿಸಿಕೊಂಡು ಹೋಗಾಕ ಬರಂಗಿಲ್ಲೇನು?"

ಅವ್ವ ಇದನ್ನು ಎಂದು ಕೇಳಿಯಾಳು ಎಂದೇ ದಿಲೀಪ ಕಾಯುತ್ತಿದ್ದನೆಂದು ಕಾಣುತ್ತದೆ. ಮುಂದಿನ ರವಿವಾರವೇ ಬಾ ಎಂದ. ಸಾಹೇಬರು ಮತ್ತು ಅವರ ಹೆಂಡತಿ ಪ್ರಿಯಂವದಾ ಮೇಡಂ ಮದುವೆಗೆಂದು ಇಂದೂರಿಗೆ ಹೋಗಿದ್ದರು.

ಅನಸೂಯಾ ಬರಿಗೈಲಿ ಹೊರಡಲಿಲ್ಲ. ಆ ಕಟ್ಟಡದ ವಾಚಮನ್ ಶಿವರಾಯ ಅವರ ಊರಿನ ಕಡೆಯವನೇ. ಹಿಂದೆ ಕಲ್ಯಾಣದ ಮಾರುಕಟ್ಟೆಯಲ್ಲಿ ಜಟ್ಟೆಪ್ಪನ ಜೊತೆ ಮೂಟೆ ಹೊತ್ತವನು, ಅವನನ್ನು ಅಣ್ಣಾ ಎಂದೇ ಕರೆಯುವವನು. ದಿಲೀಪ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಮನೀಶ ಸಾಹೇಬರ ಮುಂದೆ ನಿಲ್ಲಿಸಿ, ನಮ್ಮ ಹುಡುಗ, ಇವನಿಗೆ ನಾನು ಜಾಮೀನು ಎಂದು ಹೇಳಿದ್ದವನೂ ಅವನೇ. ಅವನಿಗೆಂದು ಅನಸೂಯಾ ಮೂರು ಅಂತಸ್ತಿನ ಸ್ಟೀಲಿನ ಡಬ್ಬಿಯಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತುಂಬಿಕೊಂಡಳು. ನಿಶಾಳಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಅನಸೂಯಾ ಜಟ್ಟೆಪ್ಪ ಇಬ್ಬರೇ ಠಾಣೆ ಸ್ಟೇಶನ್ನಿನಲ್ಲಿ ಲೋಕಲ್ ಟ್ರೇನು ಬದಲಿಸಿ ಖಾರಘರಕ್ಕೆ ಬಂದರು.

ಕಟ್ಟಡದ ಹತ್ತಿರ ಬರುವುದು ಬೇಡ, ನಾಲ್ಕು ಜನ ನೋಡುತ್ತಾರೆ, ಡಬ್ಬಿಯನ್ನು ತಿರುಗಿ ಬರುವಾಗ ಕೊಡೋಣ ಎಂದು ದಿಲೀಪ ಮೊದಲೇ ಹೇಳಿದ್ದ. ಅವರನ್ನು ಉತ್ಸವ ಚೌಕದಲ್ಲಿ ಹತ್ತಿಸಿಕೊಂಡ. ಜಟ್ಟೆಪ್ಪ ಮುಂದಿನ ಸೀಟಿಗೆ ಇಳಿಯಲು ಮೊಣಕಾಲು ಹಿಡಿದುಕೊಂಡು ಒದ್ದಾಡಿದ. ಅನಸೂಯಾ ಹಿಂದಿನ ಇಕ್ಕಟ್ಟಿನಲ್ಲಿ ಕೂತು ಡಬ್ಬಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಣ್ಣೆ ಸೋರಿ ಚರ್ಮದ ಮೇಲೆ ಕಲೆ ಬಿದ್ದರೆ ಗತಿಯೇನು ಎಂದು ದಿಲೀಪ ಚೀಲ ಇಸಿದುಕೊಂಡು ಡಿಕ್ಕಿಯಲ್ಲಿಟ್ಟ. ಡಿಕ್ಕಿಯೊಳಗೆ ಒಂದು ಅಡ್ಡ ಪರದೆ ಇತ್ತು. ಛತ್ತು ಮಡಚಿಕೊಂಡು ಬಂದು ಕೂರುವುದು ಆ ಪರದೆಯ ಮೇಲೆ, ಅದರ ಕೆಳಗೆ ಎತ್ತರದ ಸಾಮಾನು ಇಡಲೇಬಾರದು ಎಂದು ದಿಲೀಪ ಕೆಲಸಕ್ಕೆ ಸೇರಿದ ದಿನವೇ ಸಾಹೇಬರು ತೋರಿಸಿಕೊಟ್ಟಿದ್ದರು. ದಿಲೀಪ ಡಬ್ಬಿಯ ಮೇಲೆ ಪರದೆಯನ್ನು ಜಗ್ಗಿ ಕೊಂಡಿಗೆ ಸಿಕ್ಕಿಸಿದ. ಛತ್ತು ತೆರೆಯುವ ವಿಚಾರ ಆಗ ಅವನಿಗಿರಲಿಲ್ಲ.

ಬೇಲಾಪುರ ದಾಟಿ ಪಾಮ್ ಬೀಚ್ ರಸ್ತೆಗೆ ಬಂದಾಗ ಅನಸೂಯಾ ಕೇಳಿದಳು, "ಛತ್ತು ತೆಗೀತೈತಿ ಅಂದಿದ್ದೆಲ್ಲಪಾ?"

ದಿಲೀಪ ಬದಿಗೆ ನಿಲ್ಲಿಸಿ ಗುಂಡಿ ಒತ್ತಿದ. ಛತ್ತು ಎದ್ದು ಹಿಂದಕ್ಕೆ ಬಾಗಿತು. ಕೊನೆಗೆ ಡಿಕ್ಕಿಯೊಳಗಿಂದ ಕಟಕ್ ಎಂದು ಒಂದು ಸದ್ದು, ಅದರ ಹಿಂದೆಯೇ ಬಟ್ಟೆ ಹರಿದ ಸದ್ದು. ದಿಲೀಪನ ಕೈ ಗುಂಡಿಯ ಮೇಲೆಯೇ ನಿಂತಿತು. ಅವನಿಗೆ ಆ ಕ್ಷಣವೇ ಡಬ್ಬಿ ನೆನಪಾಯಿತು. ಆದರೆ ಹಿಂದೆ ಅವ್ವ ಮೇಲೆ ಆಕಾಶ ನೋಡುತ್ತ ನಗುತ್ತಿದ್ದಳು, ಸೆರಗು ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಜಟ್ಟೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ದಿಲೀಪ ಇಳಿದು ನೋಡಲಿಲ್ಲ. ಗಾಡಿ ಮುಂದಕ್ಕೆ ಬಿಟ್ಟ. ವಾಶಿಯ ತನಕ ಹೋಗಿ ತಿರುಗಿಸಿದರು. ದಾರಿಯುದ್ದಕ್ಕೂ ಜನ ತಮ್ಮತ್ತ ತಿರುಗಿ ನೋಡುತ್ತಿದ್ದುದನ್ನು ಜಟ್ಟೆಪ್ಪ ಹೆಂಡತಿಗೆ ಕೂಗಿ ಕೂಗಿ ಹೇಳುತ್ತಿದ್ದ.

ಕಟ್ಟಡ ಹತ್ತಿರವಾದಾಗ ಬದಿಗೆ ನಿಲ್ಲಿಸಿ ಛತ್ತು ಮುಚ್ಚಿದಾಗ ಕಂಡಿತು. ಹಿಂದಿನ ಗಾಜಿನ ಪಕ್ಕ ಬಟ್ಟೆ ಗೇಣುದ್ದ ಹರಿದಿತ್ತು, ಒಳಗಿನ ಕಂಬಿಯೊಂದು ಸೊಟ್ಟಗಾಗಿತ್ತು. ಡಬ್ಬಿಯ ಮೇಲಿನ ಅಂತಸ್ತು ಒಳಕ್ಕೆ ಮಡಚಿಹೋಗಿತ್ತು. ಮೂವರೂ ಡಿಕ್ಕಿಯ ಮುಂದೆ ನಿಂತು ನೋಡಿದರು. ಜಟ್ಟೆಪ್ಪನೇ ಮೊದಲು ಮಾತಾಡಿದ.

"ಮುಚ್ಚಿ ಇಟ್ಟುಬಿಡು. ನಾವು ಬಂದಿದ್ದು ಯಾರಿಗೂ ಗೊತ್ತಿಲ್ಲ."

ದಿಲೀಪ ಗಾಡಿಯನ್ನು ನೆಲಮಾಳಿಗೆಯ ಅದರ ಜಾಗದಲ್ಲಿ ನಿಲ್ಲಿಸಿ ಮೇಲೆ ಗವಸು ಹೊದಿಸಿದ. ಅಪ್ಪ ಅವ್ವ ನಡೆದುಕೊಂಡು ಗೇಟಿಗೆ ಬಂದು, ಈಗ ತಾನೇ ಸ್ಟೇಶನ್ನಿನಿಂದ ಬಂದವರಂತೆ ಶಿವರಾಯನನ್ನು ಕರೆದರು. ಅವನು ಖುಷಿಯಿಂದ ಡಬ್ಬಿ ತೆಗೆದುಕೊಂಡು, ಇದೇನು ವೈನಿ, ಹಿಂಗ ನಗ್ಗಿ ಹೋಗೈತಲ್ಲ ಎಂದು ಅತ್ತಿಗೆಯನ್ನು ಕೇಳಿದ. ಲೋಕಲ್ ಟ್ರೇನಿನ ನೂಕಾಟ ಎಂದಳು ಅನಸೂಯಾ. ಮನೆಗೆ ಬರುವ ತನಕ ಅವಳು ಗಂಡನ ಜೊತೆ ಮಾತಾಡಲಿಲ್ಲ.

ಸಾಹೇಬರು ಬಂದ ಮೇಲೂ ಕೆಲವು ದಿನ ಏನೂ ಆಗಲಿಲ್ಲ. ದಿಲೀಪ ದಿನಾ ಬೆಳಿಗ್ಗೆ ಹೇಳಿಬಿಡುತ್ತೇನೆಂದು ಹೊರಡುತ್ತಿದ್ದ, ಅವರನ್ನು ಇನ್ನೊಂದು ದೊಡ್ಡ ಗಾಡಿಯಲ್ಲಿ ಆಫೀಸಿಗೆ ಬಿಟ್ಟು ಹೇಳದೇ ಬರುತ್ತಿದ್ದ. ನಂತರದ ಶನಿವಾರ ಸಾಹೇಬರ ಮನೆಗೆ ನೆಂಟರು ಬಂದರು. ಅವರನ್ನು ಕೂರಿಸಿಕೊಂಡು ಸಾಹೇಬರೇ ಗುಂಡಿ ಒತ್ತಿದರು. ಛತ್ತು ಅರ್ಧಕ್ಕೆ ಎದ್ದು ನಿಂತುಬಿಟ್ಟಿತು, ಹರಿದ ಬಟ್ಟೆ ನೆಂಟರ ಮುಂದೆ ಜೋತುಬಿತ್ತು.

ದಿಲೀಪನನ್ನು ಕೆಳಗೆ ಕರೆಸಿದರು. ತಾನು ಗವಸು ಹಾಕುವಾಗ ಸರಿಯಾಗಿತ್ತು ಎಂದ. ಹಾಗಾದರೆ ಯಾರು ಬರುತ್ತಾರೆ ಇದರ ಹತ್ತಿರ ಎಂದು ಸಾಹೇಬರು ಕೇಳಿದರು. ಆ ಮೂಲೆ ಕಂಬದ ಮರೆಯಲ್ಲಿದ್ದುದರಿಂದ ಕ್ಯಾಮೆರಾದಲ್ಲಿ ಕಾಣುತ್ತಿರಲಿಲ್ಲ. ದಿಲೀಪ ಹೇಳಿದ, "ಬೆಕ್ಕುಗಳು ಓಡಾಡ್ತಾವ ಸರ್."

ಅಷ್ಟೇ ಅವನು ಹೇಳಿದ್ದು. ಆದರೆ ನೆಲಮಾಳಿಗೆಯ ಬೆಕ್ಕುಗಳಿಗೆ ಹಾಲು, ಮೀನಿನ ತಲೆ ಹಾಕುವವನು ಶಿವರಾಯ ಎಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಪ್ರಿಯಂವದಾ ಮೇಡಂ ಆ ಬಗ್ಗೆ ಮೊದಲೇ ಸೊಸೈಟಿಗೆ ದೂರು ಕೊಟ್ಟಿದ್ದರು. ಬೆಕ್ಕಿನಿಂದ ಕಂಬಿ ಬಾಗುವುದು ಹೇಗೆ ಎಂಬುದಕ್ಕೆ ಸಾಹೇಬರೇ ಉತ್ತರ ಕಂಡುಕೊಂಡರು. ಛತ್ತಿನ ಮೇಲೆ ಕೂತ ಬೆಕ್ಕನ್ನು ಓಡಿಸಲು ಮುದುಕ ಬಡಿಗೆಯಿಂದ ಹೊಡೆದಿರಬೇಕು ಎಂದರು. ಶಿವರಾಯ ತಾನು ಹೊಡೆದಿಲ್ಲ ಎಂದು ಕೈಮುಗಿದ. ಬೆಕ್ಕಿಗೆ ಹಾಲು ಹಾಕುತ್ತೀಯೋ ಇಲ್ಲವೋ ಎಂದು ಕೇಳಿದಾಗ ಹೌದೆಂದ. ದಿಲೀಪ ಪಕ್ಕದಲ್ಲೇ ನಿಂತಿದ್ದ.

ಸೊಸೈಟಿಯವರು ಸೆಕ್ಯುರಿಟಿ ಏಜೆನ್ಸಿಗೆ ಹೇಳಿ ಅವನನ್ನು ತೆಗೆಸಿದರು. ಕೆಲಸದ ಜೊತೆ, ಗೇಟಿನ ಹಿಂದೆ ಅವನಿಗೂ ಹೆಂಡತಿ ಬಾಗಿಗೂ ಕೊಟ್ಟಿದ್ದ ಖೋಲಿಯೂ ಹೋಯಿತು. ಬೆಕ್ಕುಗಳನ್ನು ಒಂದು ವ್ಯಾನಿನವರು ಬಂದು ಗೋಣಿಚೀಲದಲ್ಲಿ ಹಾಕಿಕೊಂಡು ಹೋದರು.

ಬೇರೆಲ್ಲಿಗೆ ಹೋಗಬೇಕು ಅವರು? ಒಂದು ಟ್ರಂಕು, ಎರಡು ಗಂಟು, ಗ್ಯಾಸಿನ ಒಲೆ ಹೊತ್ತುಕೊಂಡು ಡೊಂಬಿವಲಿಗೆ ಜಟ್ಟೆಪ್ಪನ ಬಾಗಿಲಿಗೇ ಬಂದರು. ಬೇರೆ ಕೆಲಸ ಸಿಗುವ ತನಕ, ಅಣ್ಣಾ, ಎಂದ ಶಿವರಾಯ. ಜಟ್ಟೆಪ್ಪ ಒಳಗಿದ್ದ ಹೆಂಡತಿಯ ಮುಖ ನೋಡಿದ, ಆಮೇಲೆ ಇದು ನಿಂದೇ ಮನಿ, ಕೇಳೂದೇನೈತಿ ಎಂದು ಗಟ್ಟಿಯಾಗಿ ಹೇಳಿದ. ದಿಲೀಪ ನಿಶಾ ತಮ್ಮ ಖೋಲಿಯಲ್ಲಿ ಉಳಿದರು. ಹೊರಗಿನ ಖೋಲಿಯಲ್ಲಿ ನಡುವೆ ಸೀರೆ ಕಟ್ಟಿ ಎರಡು ಜೋಡಿ ಮುದುಕರು ಮಲಗಿದರು.

ಶಿವರಾಯ ಸುಮ್ಮನೆ ಕೂತು ಉಣ್ಣುವವನಲ್ಲ. ನಳಕ್ಕೆ ನೀರು ಬರುವ ಮೊದಲೇ ಎದ್ದು ಕೊಡ ಪಾಳಿಗೆ ಇಡುತ್ತಿದ್ದ. ಪಾತ್ರೆ ತೊಳೆಯುವ ಮೂಲೆಯ ಸೋರುತ್ತಿದ್ದ ಮೋರಿಗೆ ಸಿಮೆಂಟು ಹಚ್ಚಿದ. ಜಟ್ಟೆಪ್ಪನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಬಾಗಿ ಖಾರಘರದಲ್ಲಿ ಎರಡು ಮನೆಗೆ ಅಡುಗೆ ಮಾಡುತ್ತಿದ್ದವಳು. ಡೊಂಬಿವಲಿಯಿಂದ ಅಷ್ಟು ಬೆಳಿಗ್ಗೆ ಅಲ್ಲಿಗೆ ಮುಟ್ಟುವುದು ಆಗದೆ ಆ ಮನೆಗಳೂ ಬಿಟ್ಟುಹೋದವು. ಅದರ ಮಾತು ಅವಳು ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ. ರೊಟ್ಟಿ ಬಡಿಯುವ ಕೆಲಸ ತನ್ನ ಕೈಗೆ ತೆಗೆದುಕೊಂಡಳು.

ಅನಸೂಯಾ ಶಿವರಾಯನ ತಾಟಿಗೆ ಕೇಳದೆಯೇ ತುಪ್ಪ ಹಾಕುತ್ತಿದ್ದಳು. ಜಟ್ಟೆಪ್ಪ ತನ್ನ ಪಾಲಿನ ಮೊಸರು ಅವನ ಕಡೆಗೆ ಸರಿಸುತ್ತಿದ್ದ. ದಿಲೀಪ ಬರುವಾಗ ಅವನಿಗೆಂದು ಎಲೆ ಅಡಿಕೆ, ಬಾಗಿಗೆಂದು ಬಾಳೆಹಣ್ಣು ತರುತ್ತಿದ್ದ. ಇಂಥಾ ಮಂದಿ ಎಲ್ಲಿ ಸಿಗ್ತಾರ ಎಂದು ಶಿವರಾಯ ಚಾಳಿನವರ ಮುಂದೆ ಹೊಗಳುತ್ತಿದ್ದ. ಅದು ಕಿವಿಗೆ ಬಿದ್ದರೆ ಅನಸೂಯಾ ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವಳ ಊಟ ಕಡಿಮೆಯಾಗಿತ್ತು. ಎಲ್ಲರ ಜೊತೆ ಕೂರುತ್ತಿರಲಿಲ್ಲ, ಆಮೇಲೆ ಉಣ್ಣುತ್ತೇನೆ ಎನ್ನುತ್ತಿದ್ದಳು, ಆಮೇಲೆ ಅರ್ಧ ರೊಟ್ಟಿ ತಿಂದು ಏಳುತ್ತಿದ್ದಳು. ಜಟ್ಟೆಪ್ಪನಿಗೆ ದಿನ ಕಳೆದಂತೆ ಸಿಟ್ಟು ಹೆಚ್ಚಾಯಿತು. ಚಹಾ ಆರಿದೆ ಎಂದು ಲೋಟ ಕುಕ್ಕುತ್ತಿದ್ದ. ಶಿವರಾಯ ಎಣ್ಣೆ ತಿಕ್ಕಲು ಬಂದರೆ ಕಾಲು ಎಳೆದುಕೊಳ್ಳುತ್ತಿದ್ದ.

ಇದೆಲ್ಲ ನಿಶಾಳ ಕಣ್ಣಿಗೆ ಬಿದ್ದಿತ್ತು. ಕೆಲಸಕ್ಕೆ ಹೋಗುವಾಗ ಗಂಡ ಹೆಂಡತಿ ಡೊಂಬಿವಲಿ ಸ್ಟೇಶನ್ನಿನ ತನಕ ಒಟ್ಟಿಗೆ ನಡೆಯುತ್ತಿದ್ದರು. ಒಂದು ಬೆಳಿಗ್ಗೆ ಸೇತುವೆಯ ಮೆಟ್ಟಿಲ ಬಳಿ ಅವಳು ನಿಂತುಬಿಟ್ಟಳು. ಅತ್ತೆ ಯಾಕೆ ಉಣ್ಣುವುದಿಲ್ಲ, ಮಾವ ಯಾಕೆ ಶಿವರಾಯ ಕಾಕಾನ ಮುಖ ನೋಡುವುದಿಲ್ಲ, ನೀನು ಯಾಕೆ ದಿನಾ ಹಬ್ಬದ ಹಾಗೆ ಚೀಲ ತುಂಬಿಕೊಂಡು ಬರುತ್ತೀ ಎಂದು ಹಿಂದಿಯಲ್ಲಿ ಒಂದರ ಹಿಂದೆ ಒಂದು ಕೇಳಿದಳು. ಜನ ಅವರನ್ನು ತಳ್ಳಿಕೊಂಡು ಹೋಗುತ್ತಿದ್ದರು. ದಿಲೀಪ ಮೊದಲು ಏನಿಲ್ಲ ಎಂದ, ಆಮೇಲೆ ಕಟಾಂಜನ ಹಿಡಿದುಕೊಂಡು ಎಲ್ಲವನ್ನೂ ಹೇಳಿದ.

ನಿಶಾ ಕೇಳಿ ಮುಗಿಸಿದಳು. ಅವಳ ಲೋಕಲ್ ಬಂದು ಹೋಯಿತು.

"ತೂ ಸಾಂಗಣಾರ ಕೀ ಮೀ ಸಾಂಗೂ?" ನೀನು ಹೇಳುತ್ತೀಯೋ, ನಾನು ಹೇಳಲೋ.

ಕೆಲಸ ಹೋಗುತ್ತದೆ, ಹೆಸರು ಕೆಟ್ಟ ಡ್ರೈವರನಿಗೆ ಮತ್ತೆ ಯಾರು ಕೀಲಿಕೈ ಕೊಡುತ್ತಾರೆ, ಅಪ್ಪನ ಕಾಲಿನ ಔಷಧ ಯಾರು ತರುತ್ತಾರೆ ಎಂದು ದಿಲೀಪ ಕೇಳಿದ. ಕಾಕಾನ ಹೆಸರು ಕೆಟ್ಟರೆ ನಡೆಯುತ್ತದೆಯೇ ಎಂದಳು ನಿಶಾ. ಅವನು ಕೊನೆಗೆ ಸಂಕ್ರಾಂತಿ ಮುಗಿಯಲಿ, ಹೇಳುತ್ತೇನೆ ಎಂದ. ಅವಳು ಸಂಕ್ರಾಂತಿಯ ತನಕ ಅವನೊಂದಿಗೆ ಮಾತು ಬಿಟ್ಟಳು. ಶಿವರಾಯನ ಎದುರು ಬಂದರೆ ತಲೆ ತಗ್ಗಿಸಿ ಹೋಗತೊಡಗಿದಳು. ಈಗ ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ತಾನೂ ಒಬ್ಬಳಾದೆ ಎಂಬುದು ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಆ ದಿನಗಳಲ್ಲಿ ಶಿವರಾಯನಿಗೆ ಒಂದು ಕಾರ್ಖಾನೆಯಲ್ಲಿ ಡ್ರಮ್ಮು ಉರುಳಿಸುವ ಬದಲಿ ಕೆಲಸ ಸಿಕ್ಕಿತು. ವಯಸ್ಸಾದ ಮೈ, ಸಂಜೆ ಬಂದು ಗೋಡೆಗೆ ಒರಗಿದರೆ ಕೆಮ್ಮು ನಿಲ್ಲುತ್ತಿರಲಿಲ್ಲ. ಆ ಕೆಲಸ ಏನೆಂದು ಜಟ್ಟೆಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹೋಗಬೇಡ ಎಂದ. ನಿನ್ನ ಮೇಲೆ ಎಷ್ಟು ದಿನ ಬೀಳಲಿ ಅಣ್ಣಾ ಎಂದು ಶಿವರಾಯ ನಕ್ಕ.

ಸಂಕ್ರಾಂತಿ ಬಂತು, ಹೋಯಿತು. ದಿಲೀಪ ಹೇಳಲಿಲ್ಲ.

ಅದರ ಮರು ರವಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಬಾಗಿ ಕಡಲೆಹಿಟ್ಟಿನ ಜುಣಕದ ವಡೆ ಮಾಡಿದ್ದಳು. ಶಿವರಾಯ ಒಂದು ತುತ್ತು ಉಂಡು ಕೈ ತಡೆದು ದಿಲೀಪನ ಕಡೆಗೆ ತಿರುಗಿದ.

"ದಿಲೀಪಾ, ಒಂದು ಮಾತು ಸಾಹೇಬರಿಗೆ ಮುಟ್ಟಸ್ತೀಯೇನು? ನಾ ಭಾಳ ವಿಚಾರ ಮಾಡಿದೆ. ಬಡಿಗಿ ನಾ ಎತ್ತಿಲ್ಲ, ಖರೆ. ಆದರ ಬೆಕ್ಕಿಗೆ ಹಾಲು ಹಾಕಿ ರೂಢಿ ಮಾಡಿದಾವ ನಾನೇ. ತಪ್ಪು ನಂದೇ ಅಂತ ಹೇಳು. ನಿನಗ ಜಾಮೀನು ನಿಂತಾವನೇ ಹಿಂಗ ಮಾಡಿದ ಅಂತ ನಿನಗೂ ಅಲ್ಲಿ ಮುಖ ಎತ್ತಾಕ ಆಗಿರಂಗಿಲ್ಲ. ನನ್ನ ಮ್ಯಾಲೆ ಬ್ಯಾಸರ ಮಾಡಿಕೋಬ್ಯಾಡ."

ದಿಲೀಪ ತಾಟಿನಲ್ಲಿ ಕೈ ಇಟ್ಟುಕೊಂಡು ಕೂತ. ಆಗಲಿ ಕಾಕಾ ಎಂದ. ನಿಶಾ ಎದ್ದು ಒಳಗೆ ಹೋದಳು. ಜಟ್ಟೆಪ್ಪ ನೀರು ಕುಡಿದ, ಖಾಲಿಯಾದ ಮೇಲೂ ತಂಬಿಗೆ ಬಾಯಿಗೆ ಹಿಡಿದುಕೊಂಡೇ ಇದ್ದ. ಅನಸೂಯಾ ಒಲೆಯ ಹತ್ತಿರ ನಿಂತು ಕೇಳಿಸಿಕೊಂಡಳು. ಆ ದಿನ ಅವಳು ಅರ್ಧ ರೊಟ್ಟಿಯನ್ನೂ ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿ ಹಿಟ್ಟು ನಾದಿಕೊಂಡು ರೊಟ್ಟಿಗೆ ಕೂತಳು. ಯಾಕ ಅಕ್ಕಾ, ನೀ ಉಣ್ಣವಲ್ಲಿ, ಮೈಯಾಗ ಆರಾಮಿಲ್ಲೇನು ಎಂದು ಕೇಳಿದಳು. ಅನಸೂಯಾ ಅವಳ ಎದುರು ನೆಲದ ಮೇಲೆ ಕೂತಳು.

"ಬಾಗಿ, ಆ ಗಾಡಿ ಹರಿದಿದ್ದು ನಮ್ಮಿಂದ."

ಬಾಗಿಯ ಕೈ ನಿಲ್ಲಲಿಲ್ಲ. ಅನಸೂಯಾ ಒಂದೊಂದಾಗಿ ಎಲ್ಲ ಹೇಳಿದಳು. ತಾನೇ ಕೇಳಿಕೊಂಡು ಹತ್ತಿದ್ದು, ಡಬ್ಬಿ, ಛತ್ತು ತೆಗಿ ಎಂದು ತಾನೇ ಅಂದಿದ್ದು, ಲೋಕಲ್ಲಿನ ನೂಕಾಟ ಎಂದು ಸುಳ್ಳಾಡಿದ್ದು. ದಿಲೀಪ ಬೆಕ್ಕಿನ ಮಾತು ಎತ್ತಿದ್ದನ್ನೂ ಬಿಡಲಿಲ್ಲ. ಹೊರಗಿನ ಖೋಲಿಯಲ್ಲಿ ಮಲಗಿದ್ದ ಜಟ್ಟೆಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತು, ಮನಿ ಮುರದಿ ನೀನು ಎಂದು ಹೆಂಡತಿಗೆ ಹೇಳಿದ. ಅವಳು ತಿರುಗಿ ನೋಡಲಿಲ್ಲ.

ಬಾಗಿ ಹೆಂಚಿನ ಮೇಲಿದ್ದ ರೊಟ್ಟಿಯನ್ನು ಸುಟ್ಟು ಇಳಿಸಿದಳು. ಉಳಿದ ಹಿಟ್ಟಿನ ಮೇಲೆ ತಾಟು ಮುಚ್ಚಿದಳು. ಒಲೆ ಆರಿಸಿ, ಕೈ ತೊಳೆದು, ಹೊರಗೆ ನಳದ ಹತ್ತಿರ ಹೋದಳು. ಶಿವರಾಯ ಪಾಳಿಯಲ್ಲಿ ನಿಂತಿದ್ದ. ಅವಳು ಅವನಿಗೆ ಏನು ಹೇಳಿದಳೋ ಯಾರಿಗೂ ಕೇಳಲಿಲ್ಲ. ಅವನ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು, ಹಿಂದಿನವರು ಗದರಿದರು.

ಅವನು ಒಳಗೆ ಬಂದಾಗ ದಿಲೀಪ ಸ್ನಾನ ಮುಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ನನ್ನ ಹೆಸರು ಹೇಳಿದ್ಯಾ?"

"ಇಲ್ಲ ಕಾಕಾ. ಬೆಕ್ಕು ಅಂದೆ."

"ಬೆಕ್ಕು ಅಂದ್ರ ನಾನೇ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು," ಎಂದ.

ಶಿವರಾಯ ಗೋಡೆಗೆ ಒರಗಿ ಕೂತ. ದಿಲೀಪ ಅವನ ಕಾಲಿಗೆ ಬೀಳಲು ಹೋದಾಗ ಬಾಗಿ ಅಡ್ಡ ಬಂದಳು.

"ಇಲ್ಲಿ ಬೀಳಬ್ಯಾಡ. ಹೇಳೂದಿದ್ರ ಅಲ್ಲಿ ಹೋಗಿ ಹೇಳು."

ನಿಶಾ ಅಂಗಡಿಗೆ ರಜೆ ಹೇಳಿ ಗಂಡನ ಜೊತೆ ಖಾರಘರಕ್ಕೆ ಹೋದಳು. ಲಿಫ್ಟಿನಲ್ಲಿ ದಿಲೀಪನ ಕೈ ಹಿಡಿದುಕೊಂಡಳು. ಎಷ್ಟೋ ದಿನಗಳ ಮೇಲೆ ಅವನನ್ನು ಮುಟ್ಟಿದ್ದಳು. ಮನೀಶ ಸಾಹೇಬರು ನಾಷ್ಟಾ ಮಾಡುತ್ತ ಕೇಳಿಸಿಕೊಂಡರು. ಕೂಗಾಡಲಿಲ್ಲ. ಗಾಡಿ ಕಂಪನಿಯ ವರ್ಕ್‌ಶಾಪಿನಲ್ಲಿದೆ, ಇನ್ಶುರೆನ್ಸಿನವರು ಛತ್ತು ಹೊಸದು ಹಾಕಿಸಿಕೊಡುತ್ತಾರೆ, ಅದು ದೊಡ್ಡದಲ್ಲ ಎಂದರು. ಆದರೆ ಇಷ್ಟು ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಓಡಾಡುತ್ತ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯಲ್ಲ, ಇನ್ನು ನಿನ್ನ ಕೈಗೆ ಗಾಡಿ ಹೇಗೆ ಕೊಡಲಿ ಎಂದು ಕೀಲಿಕೈ ಟೇಬಲ್ಲಿನ ಮೇಲೆ ಇಡಲು ಹೇಳಿದರು. ಪ್ರಿಯಂವದಾ ಮೇಡಂ ಬೆಕ್ಕುಗಳದು ತಪ್ಪಿರಲಿಲ್ಲವೇ ಎಂದು ಒಮ್ಮೆ ಕೇಳಿ ಒಳಗೆ ಹೋದರು.

ಶಿವರಾಯನ ಕೆಲಸದ ಬಗ್ಗೆ ನಿಶಾ ಬಾಯಿ ಬಿಟ್ಟು ಕೇಳಿದಳು. ಅಲ್ಲಿ ಆಗಲೇ ಹೊಸ ವಾಚಮನ್ ಬಂದಿದ್ದ, ಅವನ ಸಂಸಾರ ಗೇಟಿನ ಹಿಂದಿನ ಖೋಲಿಯಲ್ಲಿ ಬಟ್ಟೆ ಒಣಹಾಕಿತ್ತು. ಸಾಹೇಬರು ಏಜೆನ್ಸಿಗೆ ಅವರ ಎದುರಿಗೇ ಫೋನು ಮಾಡಿ, ಮುದುಕನದು ತಪ್ಪಿಲ್ಲ, ಬೇರೆ ಕಡೆ ಹಾಕಿಕೊಳ್ಳಿ ಎಂದರು. ಕೆಲವು ದಿನಗಳಲ್ಲಿ ಬದಲಾಪುರದ ಒಂದು ಹೊಸ ಕಟ್ಟಡದಲ್ಲಿ ಕೆಲಸ ಬಂತು. ಖೋಲಿ ಮಾತ್ರ ಇರಲಿಲ್ಲ, ಬಾಡಿಗೆಗೆ ಹುಡುಕಿಕೊಳ್ಳಬೇಕು.

ಆ ಕೆಲವು ದಿನ ಅವರು ಅದೇ ಮನೆಯಲ್ಲಿ ಇರಲೇಬೇಕಾಯಿತು. ಬಾಗಿ ತನ್ನ ಗ್ಯಾಸಿನ ಒಲೆಯನ್ನು ಗಂಟಿನಿಂದ ಬಿಚ್ಚಿ ಹೊರಗಿನ ಖೋಲಿಯ ಮೂಲೆಯಲ್ಲಿಟ್ಟು ತಮ್ಮಿಬ್ಬರಿಗೇ ಬೇರೆ ಅಡುಗೆ ಮಾಡಿದಳು. ಒಂದೇ ಗೋಡೆಯೊಳಗೆ ಎರಡು ಒಲೆ ಉರಿದವು. ಶಿವರಾಯ ಮಾತ್ರ ನೀರು ತರುವುದನ್ನು ಬಿಡಲಿಲ್ಲ, ಎರಡೂ ಒಲೆಯವರ ಕೊಡ ತುಂಬಿ ತಂದಿಡುತ್ತಿದ್ದ, ಮಾತಿಲ್ಲದೆ.

ಅವರು ಹೊರಟ ದಿನ ದಿಲೀಪ ರಿಕ್ಷಾ ತರುತ್ತೇನೆಂದ. ಬೇಡವೆಂದಳು ಬಾಗಿ. ಆಗ ಹೆಂಡತಿಯ ಜೊತೆಗೂ ಮಾತು ಬಿಟ್ಟಿದ್ದ ಜಟ್ಟೆಪ್ಪ ಎದ್ದು, ಟವೆಲ್ಲನ್ನು ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅವರ ಟ್ರಂಕು ಎತ್ತಿಕೊಂಡ. ದಿಲೀಪ ಕೈ ಚಾಚಿದರೆ ಸರಿ ಅತ್ಲಾಗ ಎಂದ. ಸ್ಟೇಶನ್ನಿನ ತನಕ ಆ ನೋಯುವ ಮೊಣಕಾಲುಗಳಲ್ಲೇ ಟ್ರಂಕು ಹೊತ್ತು ನಡೆದ. ಶಿವರಾಯ ಮುಂದೆ ಮುಂದೆ ನಡೆಯುತ್ತಿದ್ದ, ಇಳಿಸು ಅಣ್ಣಾ ಎಂದು ಒಮ್ಮೆಯೂ ಹೇಳಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಟ್ರಂಕು ಇಳಿಸಿದ ಮೇಲೆ ಮಾತ್ರ ತನ್ನ ಹೆಗಲ ಮೇಲಿನ ವಸ್ತ್ರ ಕೊಟ್ಟ, ಬೆವರು ಒರೆಸಿಕೊಳ್ಳಲು. ಆ ರಾತ್ರಿಯಿಂದ ಜಟ್ಟೆಪ್ಪ ಕೆಲವು ದಿನ ಹಾಸಿಗೆ ಹಿಡಿದ. ಅನಸೂಯಾ ಅವನ ಕಾಲಿಗೆ ಎಣ್ಣೆ ತಿಕ್ಕುವಾಗ ನೀ ಹೇಳಿದ್ದು ಚೊಲೋ ಆತು ಎಂದು ಗೋಡೆಯ ಕಡೆ ಮುಖ ಮಾಡಿ ಹೇಳಿದ.

ಮನೆ ನಡೆಯುವುದು ಕಷ್ಟವಾಯಿತು. ನಿಶಾ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಂತಳು, ಅನಸೂಯಾ ಇನ್ನೊಂದು ಮನೆಯ ಚಪಾತಿ ಹಿಡಿದಳು. ಮೊಸರು, ಬಾಳೆಹಣ್ಣು ನಿಂತವು. ದಿಲೀಪ ಬಹಳ ಅಲೆದ ಮೇಲೆ ಕಲ್ಯಾಣದಲ್ಲಿ ತರಕಾರಿ ಸಾಗಿಸುವ ಟೆಂಪೋ ಸಿಕ್ಕಿತು. ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಮಾಲೀಕ ಕೇಳಿದಾಗ ಇದ್ದದ್ದನ್ನೇ ಹೇಳಿದೆ ಎಂದು ಮನೆಗೆ ಬಂದು ಹೆಂಡತಿಗೆ ತಿಳಿಸಿದ. ನಿಶಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಹೋಳಿಯ ಹೊತ್ತಿಗೆ ಅನಸೂಯಾ ಬದಲಾಪುರಕ್ಕೆ ಹೋಗಬೇಕೆಂದಳು. ದಿಲೀಪನೂ ಹೊರಟ. ಸ್ಟೇಶನ್ನಿನಿಂದ ದೂರ, ಹೊಸ ಕಟ್ಟಡಗಳ ಹಿಂದೆ, ತಗಡಿನ ಒಂದು ಸಣ್ಣ ಖೋಲಿ. ಬಾಗಿ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಇವರನ್ನು ಕಂಡು ಎದ್ದು ನಿಂತಳು. ಬರ್ರಿ ಎನ್ನಲಿಲ್ಲ, ಬಾಗಿಲಿನಿಂದ ಸರಿಯಲೂ ಇಲ್ಲ. ಒಳಗಿನಿಂದ ಶಿವರಾಯ ಯಾರು ಎಂದು ಕೇಳಿ, ಗೊತ್ತಾದ ಮೇಲೆ ಒಳಗ ಬರ್ರಿ ವೈನಿ, ಬಿಸಿಲಾಗ ಯಾಕ ನಿಂತೀರಿ ಎಂದು ಚಾಪೆ ಹಾಸಿದ. ಯೂನಿಫಾರ್ಮಿನಲ್ಲಿದ್ದ. ಅಣ್ಣನ ಕಾಲು ಹೇಗಿದೆ, ಟೆಂಪೋ ಹೇಗೆ ಓಡುತ್ತದೆ ಎಂದು ಕೇಳಿದ. ಕೆಮ್ಮು ಕಡಿಮೆಯಾಗಿದೆ ಎಂದ. ಡ್ಯೂಟಿಗೆ ಹೊತ್ತಾಯಿತೆಂದು ಹೊರಡುವಾಗ ದಿಲೀಪನ ಬೆನ್ನ ಮೇಲೆ ಕೈಯಿಟ್ಟು, ಆದದ್ದು ಆತು, ಇನ್ನ ಮನಸಿನ್ಯಾಗ ಇಟಗೋಬ್ಯಾಡ ಎಂದು ಹೇಳಿ ಹೋದ.

ಖೋಲಿಯಲ್ಲಿ ಮೂವರೇ ಉಳಿದರು. ಬಾಗಿ ಚಹಾಕ್ಕೆ ನೀರಿಟ್ಟಳು. ಇಲ್ಲಿ ಅಡುಗೆಯ ಮನೆ ಯಾವುದಾದರೂ ಸಿಕ್ಕಿತೇನು ಎಂದು ಅನಸೂಯಾ ಮೆಲ್ಲಗೆ ಕೇಳಿದಳು. ಇಲ್ಲ ಎಂದಳು ಬಾಗಿ. ಖಾರಘರದ ಆ ಎರಡು ಮನೆಯಲ್ಲಿ ತಾನು ಬಹಳ ವರ್ಷದವಳು, ಒಂದು ಮನೆಯ ಕೂಸು ತನ್ನ ಕೈಯ ಅನ್ನ ಉಂಡೇ ದೊಡ್ಡದಾಗಿದ್ದು, ಹೊರಡುವ ದಿನ ಅದಕ್ಕೆ ಹೇಳಿ ಬರಲೂ ಆಗಲಿಲ್ಲ ಎಂದಳು. ನಮ್ಮ ಮನಿಯವರ ಕೆಲಸ ಹೋತು, ಅವರ ಕೆಲಸ ಬಂತು, ಎಲ್ಲಾರೂ ಅದನ್ನ ನೋಡಿದ್ರಿ ಎಂದಳು. ಆಮೇಲೆ ಎರಡು ಕಪ್ಪು ಚಹಾ ತಂದು ಅವರ ಮುಂದೆ ಇಟ್ಟಳು.

"ಅವರು ಮಾಫ ಮಾಡ್ಯಾರ ಅಕ್ಕಾ. ನಾ ಮಾಡಿಲ್ಲ. ಚಾ ಕುಡೀರಿ."

ದಿಲೀಪ ಏಳಲು ನೋಡಿದ. ಅನಸೂಯಾ ಅವನ ಮುಂಗೈ ಹಿಡಿದು ಕೂರಿಸಿದಳು. ಚಹಾ ಬಿಸಿಯಾಗಿತ್ತು. ಅವಳು ಒಂದೊಂದೇ ಗುಟುಕು, ಪೂರ್ತಿ ಕುಡಿದಳು. ಬಾಗಿ ಎದುರು ಕೂತು, ಅವರು ಕುಡಿಯುವ ತನಕ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕುಡಿದ ಮೇಲೆ ಅನಸೂಯಾ ಎರಡೂ ಕಪ್ಪುಗಳನ್ನು ಮೋರಿಗೆ ಒಯ್ದು ತೊಳೆದು ಬೋರಲು ಹಾಕಿದ್ದನ್ನು ಬಾಗಿ ನೋಡಿದಳು, ಬೇಡ ಎನ್ನಲಿಲ್ಲ.